ತೋಟ, ಹೋಂಸ್ಟೇ, ಬಟವಾಡೆ: ಎಲ್ಲಕ್ಕೂ ಸೇರಿ ಎಷ್ಟು ಆ್ಯಪ್ ಬೇಕು?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ 14 ಎಕರೆ ಕಾಫಿ ತೋಟ. ಹೆಚ್ಚಿನದು ರೊಬಸ್ಟಾ, ಮೇಲಿನ ಭಾಗದಲ್ಲಿ ಒಂದಿಷ್ಟು ಅರೇಬಿಕಾ, ಮರಗಳಿಗೆ ಮೆಣಸಿನ ಬಳ್ಳಿ. ಮನೆಗೆ ಸೇರಿದಂತೆ ಎರಡು ಕೋಣೆಯ ಹೋಂಸ್ಟೇ ಇದೆ. ಅಪ್ಪ ಎಲ್ಲವನ್ನೂ ಡೈರಿಯಲ್ಲಿ ಬರೆಯುತ್ತಿದ್ದರು. ಜವಾಬ್ದಾರಿ ನನ್ನ ಕೈಗೆ ಬಂದ ಮೇಲೆ ಮೊಬೈಲಿಗೆ ಮೂರು ಆ್ಯಪ್ ಹಾಕಿಕೊಂಡೆ. ಆದರೂ ಸಂಘದ ಬೆಳೆಸಾಲದ ಗಡುವು ದಾಟಿತು (ತಾರೀಕು ಅವರು ಕೊಟ್ಟ ಚೀಟಿಯಲ್ಲೇ ಉಳಿದಿತ್ತು). ಒಂದೇ ಕೋಣೆಗೆ ಇಬ್ಬರು ಬಂದು ನಿಂತರು, ಒಬ್ಬರು ಫೋನಿನಲ್ಲಿ ಹೇಳಿದ್ದವರು, ಇನ್ನೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ. ಕಣದಲ್ಲಿ ನಿಂತು ಕೊಟ್ಟ ಮುಂಗಡ ಬರೆಯಲು ಮರೆತು ಬಟವಾಡೆ (ಕೂಲಿ ಕೊಡುವ) ದಿನ ಮಾತಿಗೆ ಮಾತು ಬೆಳೆಯಿತು. ನೆಟ್‌ವರ್ಕ್ ಸಿಗುವುದು ಮನೆಯ ಮಹಡಿಯ ಮೇಲೆ ಮಾತ್ರ. ಯಾವ ಆ್ಯಪ್ ಒಳ್ಳೆಯದು? ಅಪ್ಪನಿಗೂ ಲೆಕ್ಕ ಕಾಣುವ ಹಾಗಿರಬೇಕು, ಅವರು ಮೊಬೈಲ್ ಮುಟ್ಟುವುದಿಲ್ಲ.

ಉತ್ತರ: ನಾಲ್ಕನೆಯ ಆ್ಯಪ್ ಬೇಡ. ಇರುವ ಮೂರನ್ನೂ ತೆಗೆದುಹಾಕಿದರೂ ನಷ್ಟವಿಲ್ಲ. ನಿಮ್ಮ ಮೂರು ತೊಂದರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಯಾವುದಕ್ಕೂ ಆ್ಯಪ್ ಇಲ್ಲದ್ದು ಕಾರಣವಲ್ಲ. ವಿಷಯ ಬಂದದ್ದು ಒಂದು ಕಡೆ, ಅದನ್ನು ನೀವು ಹುಡುಕಿದ್ದು ಇನ್ನೊಂದು ಕಡೆ. ಚೀಟಿ, ಫೋನ್ ಮಾತು, ವಾಟ್ಸ್‌ಆ್ಯಪ್, ಕಣದ ಮಾತು ಹೀಗೆ ನಾಲ್ಕು ಬಾಗಿಲಿನಿಂದ ವಿಷಯ ಒಳಗೆ ಬರುತ್ತದೆ. ಬಂದದ್ದನ್ನು ಇಳಿಸಿಕೊಳ್ಳಲು ಒಂದು ಗೊತ್ತಾದ ಜಾಗವಿಲ್ಲ. ಆ ಜಾಗ ಇಲ್ಲದಿರುವಾಗ ಆ್ಯಪ್ ಹೆಚ್ಚಾದಷ್ಟೂ ಹುಡುಕುವ ಜಾಗ ಹೆಚ್ಚಾಗುತ್ತದೆ, ಅಷ್ಟೆ.

ನಿಮ್ಮ ಗಾತ್ರದ ತೋಟಕ್ಕೆ ನಾಲ್ಕು ವಸ್ತು ಸಾಕು: ಜೇಬಿನಲ್ಲಿ ಒಂದು ಸಣ್ಣ ಪುಸ್ತಕ, ತಾರೀಕಿಗೆ ಗೂಗಲ್ ಕ್ಯಾಲೆಂಡರ್, ಲೆಕ್ಕಕ್ಕೆ ಗೂಗಲ್ ಶೀಟ್ಸ್, ಕಾಗದಪತ್ರಕ್ಕೆ ಗೂಗಲ್ ಡ್ರೈವ್. ಕೊನೆಯ ಮೂರೂ ಒಂದೇ ಖಾತೆಯಲ್ಲಿ ಬರುತ್ತವೆ, ದುಡ್ಡು ಕೊಡಬೇಕಿಲ್ಲ.

ಪುಸ್ತಕ ಯಾಕೆ ಎಂದು ಕೇಳಬೇಡಿ. ಜುಲೈ ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ನಿಂತಾಗ ಟಚ್‌ಸ್ಕ್ರೀನ್ ನಿಮ್ಮ ಮಾತು ಕೇಳುವುದಿಲ್ಲ. ನೀರಿನ ಹನಿಯನ್ನೇ ಬೆರಳು ಅಂದುಕೊಂಡು ತನಗೆ ತೋಚಿದ್ದು ಒತ್ತುತ್ತದೆ. ಅಂಗಿ ಜೇಬಿಗೆ ಹಿಡಿಯುವ ಪುಸ್ತಕ ಕೊಳ್ಳಿ, ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿಡಿ. ಬರೆಯಲು ಪೆನ್ಸಿಲ್, ಇಲ್ಲವೇ ಬಾಲ್‌ಪೆನ್. ಜೆಲ್ ಪೆನ್ ಬೇಡವೇ ಬೇಡ, ಎರಡು ಹನಿ ಬಿದ್ದರೆ ಆ ಪುಟದ ಕೆಜಿ ಲೆಕ್ಕವೆಲ್ಲ ನೀಲಿ ಕಲೆ. ದಿನಕ್ಕೆ ಎದುರುಬದುರಿನ ಎರಡು ಪುಟ. ಎಡಕ್ಕೆ ಮಾಡಬೇಕಾದ್ದು, ಬಲಕ್ಕೆ ಅಂಕಿ, ಅಂದರೆ ಕೆಜಿ, ಕೊಟ್ಟ ದುಡ್ಡು, ಡೀಸೆಲ್, ಮಳೆ. ಇವೆರಡನ್ನು ಬೆರೆಸಬೇಡಿ. ಬೆರೆತರೆ ಸಂಜೆ ಪುಟ ಪೂರ್ತಿ ಓದಬೇಕಾಗುತ್ತದೆ, ಓದಬೇಕಾದ ಕೆಲಸವನ್ನು ಸುಸ್ತಾದವರು ಮುಂದಕ್ಕೆ ಹಾಕುತ್ತಾರೆ.

ಬರೆಯುವ ರೀತಿಯಲ್ಲೂ ಒಂದು ಕಟ್ಟುನಿಟ್ಟು ಬೇಕು. ‘ಪಂಪ್’ ಅಂತ ಬರೆದರೆ ನಾಳೆ ಅದಕ್ಕೆ ಅರ್ಥವಿಲ್ಲ. ‘ಪಂಪಿನ ಫುಟ್‌ವಾಲ್ವ್ ಹೊಸದು ತರಬೇಕು, ಎರಡೂವರೆ ಇಂಚು’ ಅಂತ ಬರೆದರೆ ಅಂಗಡಿಯ ಮುಂದೆ ನಿಂತಾಗ ಮನೆಗೆ ಫೋನ್ ಮಾಡಿ ಅಳತೆ ಕೇಳುವ ಪ್ರಮೇಯ ಬರುವುದಿಲ್ಲ. ಕ್ರಿಯಾಪದವೂ ಅಳತೆಯೂ ಇರಬೇಕು. ಮುಂಗಡ ಕೊಟ್ಟರೆ ಮೊದಲು ಬರೆಯಿರಿ, ಆಮೇಲೆ ನೋಟು ಕೈಗೆ ಕೊಡಿ. ಕೇಳಿದವರು ಎದುರಿಗೇ ನಿಂತಿರುತ್ತಾರಲ್ಲ, ಬರೆದ ಸಾಲನ್ನು ಅವರಿಗೆ ಓದಿ ಹೇಳಿ. ಬಟವಾಡೆ ದಿನದ ಅರ್ಧ ಜಗಳ ಇಲ್ಲೇ ಮುಗಿಯುತ್ತದೆ.

ಫೋನಿನಲ್ಲಿ ಬಂದ ವಿಷಯವೂ ಇದೇ ಪುಸ್ತಕಕ್ಕೆ. ವಾಟ್ಸ್‌ಆ್ಯಪ್‌ನದು ಸ್ವಲ್ಪ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಇನ್ನು ದಿನದ ಎರಡು ಹೊತ್ತು. ಬೆಳಿಗ್ಗೆ ಕೆಲಸ ಹಂಚುವುದಕ್ಕೆ ಮುಂಚೆ 5 ನಿಮಿಷ, ಸಂಜೆ ಸ್ನಾನ, ಕಾಫಿ ಆದ ಮೇಲೆ 15 ನಿಮಿಷ. ಸಂಜೆಯದೇ ಮುಖ್ಯ. ಮಹಡಿ ಮೇಲೆ ಕೂತು ಪುಸ್ತಕದ ಎಡಪುಟ ನೋಡಿ. ತಾರೀಕು ಇರುವುದು ಕ್ಯಾಲೆಂಡರಿಗೆ ಹೋಗಲಿ. ತಾರೀಕು ಇಲ್ಲದ್ದು ನಾಲ್ಕು ಪಟ್ಟಿಗಳಲ್ಲಿ ಒಂದಕ್ಕೆ: ಪೇಟೆಯಲ್ಲಿ ಆಗಬೇಕಾದ್ದು, ಬ್ಯಾಂಕು ಮತ್ತು ಕಚೇರಿ, ಫೋನ್ ಮಾಡಬೇಕಾದವರು, ಮೇಸ್ತ್ರಿಗೆ ಹೇಳಬೇಕಾದ್ದು. ಈ ಪಟ್ಟಿಗಳಿಗೆ ಗೂಗಲ್ ಟಾಸ್ಕ್ಸ್ ಸಾಕು, ಅದು ಕ್ಯಾಲೆಂಡರಿನೊಳಗೇ ಕಾಣುತ್ತದೆ. ‘ತುರ್ತು’, ‘ಮುಖ್ಯ’, ‘ಆಮೇಲೆ’ ಎಂದು ವಿಂಗಡಿಸುವ ಪದ್ಧತಿ ಆಫೀಸಿನಲ್ಲಿ ಕೂತವರಿಗೆ ಸರಿ. ನಿಮಗೆ ಸಕಲೇಶಪುರಕ್ಕೆ ಹೋಗಿ ಬರುವುದೆಂದರೆ ಅರ್ಧ ದಿನ, ಹಾಸನವಾದರೆ ಇಡೀ ದಿನ. ಹೋದಾಗ ಐದು ಕೆಲಸದಲ್ಲಿ ನಾಲ್ಕು ಮುಗಿಸಿ ಒಂದನ್ನು ಮರೆತು ಬಂದರೆ ಇನ್ನೊಂದು ಅರ್ಧ ದಿನ ಹೋಯಿತು. ಆದ್ದರಿಂದ ಪಟ್ಟಿ ಜಾಗದ ಪ್ರಕಾರ ಇರಬೇಕು.

ಬಲಪುಟದ ಅಂಕಿ ಶೀಟಿಗೆ. ಶೀಟಿಗೆ ಹೋದ ಸಾಲಿನ ಮೇಲೆ ಅಡ್ಡಗೆರೆ ಎಳೆಯಿರಿ. ಗೆರೆ ಇಲ್ಲದ ಸಾಲು ಎಂದರೆ ಬಾಕಿ. ಒಂದೆರಡು ಸಂಜೆ ತಪ್ಪಿದರೂ ಎಲ್ಲಿಂದ ಹಿಡಿಯಬೇಕು ಎನ್ನುವುದು ಆ ಗೆರೆಯಿಂದಲೇ ಗೊತ್ತಾಗುತ್ತದೆ.

ಕ್ಯಾಲೆಂಡರಿನಲ್ಲಿ ತೋಟದವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ತೋಟಕ್ಕೆ ಎರಡು ಜಾತಿಯ ತಾರೀಕುಗಳಿವೆ. ಒಂದು ಜಾತಿ ಕದಲುವುದಿಲ್ಲ: ಸಾಲದ ಗಡುವು, ವಿಮೆ, ವಾಹನದ ಎಫ್‌ಸಿ, ಕರೆಂಟ್ ಬಿಲ್ಲು, ಹೋಂಸ್ಟೇ ನೋಂದಣಿಯ ನವೀಕರಣ. ಇನ್ನೊಂದು ಜಾತಿ ಮಳೆಯ ಹಿಂದೆ ಓಡುತ್ತದೆ: ಸ್ಪ್ರೇ, ಗೊಬ್ಬರ, ಮರಗಸಿ (ನೆರಳಿನ ಮರದ ಕೊಂಬೆ ಸವರುವುದು), ಬ್ಯಾಕಿಂಗ್ ನೀರು (ಹೂ ಅರಳಿದ ಮೇಲೆ ಬೇಕಾಗುವ ಎರಡನೆಯ ನೀರು). ಎರಡನ್ನೂ ಒಂದೇ ಥರ ನಮೂದಿಸಿದರೆ ಏನಾಗುತ್ತದೆ? ‘ಮೇ 20, ಬೋರ್ಡೋ ಸ್ಪ್ರೇ’ (ರೋಗ ತಡೆಯಲು ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣ) ಎಂದು ಮೊಬೈಲು ಕೂಗುತ್ತದೆ. ಅವತ್ತು ಹೊರಗೆ ಮಳೆ. ನೀವು ಒರೆಸಿಹಾಕುತ್ತೀರಿ. ನಾಲ್ಕು ಸಲ ಹೀಗಾದರೆ ಕೈಗೆ ಒರೆಸುವುದೇ ರೂಢಿಯಾಗುತ್ತದೆ, ಐದನೆಯ ಸಲ ಸಾಲದ ಗಡುವನ್ನೂ ಅದೇ ಬೆರಳು ಒರೆಸುತ್ತದೆ. ರಿಮೈಂಡರ್ ಬಂದೂ ಕೆಲಸ ತಪ್ಪುವುದು ಹೆಚ್ಚಾಗಿ ಹೀಗೆ.

ಕದಲದ ತಾರೀಕುಗಳನ್ನು ‘ಇಡೀ ದಿನ’ದ ನಮೂದಾಗಿ ಹಾಕಿ, ವರ್ಷವರ್ಷ ಬರುವುದಾದರೆ ಪುನರಾವರ್ತನೆಯನ್ನೂ ಹಾಕಿ. ಒಂದೊಂದಕ್ಕೂ ಎರಡು ಸೂಚನೆ ಇರಲಿ, 15 ದಿನ ಮೊದಲು ಒಂದು, 3 ದಿನ ಮೊದಲು ಇನ್ನೊಂದು. ಗಡುವಿನ ದಿನ ಬೆಳಿಗ್ಗೆ ಬರುವ ಸೂಚನೆಯಿಂದ ಏನೂ ಪ್ರಯೋಜನವಿಲ್ಲ. ದುಡ್ಡು ಹೊಂದಿಸಬೇಕು, ಜೊತೆಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕು ಮುಚ್ಚಿರುತ್ತದೆ. ಸಹಕಾರ ಸಂಘದ ಬೆಳೆಸಾಲದಲ್ಲಂತೂ ಒಂದು ದಿನ ದಾಟಿದರೂ ಬಡ್ಡಿ ರಿಯಾಯಿತಿ ಕೈತಪ್ಪಬಹುದು, ಅದಕ್ಕೆ ಮಾತ್ರ 30 ದಿನ ಮೊದಲು ‘ದುಡ್ಡು ಎಲ್ಲಿಂದ?’ ಎಂಬ ಇನ್ನೊಂದು ಪ್ರತ್ಯೇಕ ನಮೂದು ಹಾಕಿ. ಸೂಚನೆಯ ಹೊತ್ತು ಸಂಜೆ 7 ಗಂಟೆ ಇರಲಿ, ನೀವು ಮಹಡಿ ಮೇಲೆ ಪುಸ್ತಕ ಹಿಡಿದು ಕೂತಿರುವ ಹೊತ್ತು. ಬೆಳಿಗ್ಗೆ 11ಕ್ಕೆ ತೋಟದ ಮಧ್ಯೆ ಬಂದ ಸೂಚನೆಗೆ ನೀವು ಏನೂ ಮಾಡಲಾರಿರಿ.

ಒಂದು ತಾಂತ್ರಿಕ ಮಾತು. ಬ್ಯಾಟರಿ ಉಳಿಸುವ ನೆಪದಲ್ಲಿ ಅನೇಕ ಮೊಬೈಲುಗಳು ಕ್ಯಾಲೆಂಡರನ್ನೇ ಮಲಗಿಸಿಬಿಡುತ್ತವೆ, ಸೂಚನೆ ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ಕ್ಯಾಲೆಂಡರ್, ಅದರೊಳಗೆ ಬ್ಯಾಟರಿ ತೆರೆದು ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಒಮ್ಮೆ ನಮೂದಾಗಿ ಮೊಬೈಲಿಗೆ ಇಳಿದ ಸೂಚನೆ ಕೂಗಲು ನೆಟ್‌ವರ್ಕ್ ಬೇಕಿಲ್ಲ, ಅದರ ಚಿಂತೆ ಬೇಡ.

ಮಳೆಯ ಹಿಂದೆ ಓಡುವ ಕೆಲಸಗಳಿಗೆ ತಾರೀಕು ಕೊಡಬೇಡಿ, ಕಿಟಕಿ ಕೊಡಿ. ಬೋರ್ಡೋ ಸ್ಪ್ರೇಯನ್ನೇ ನೋಡೋಣ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ನಮ್ಮ ಘಟ್ಟದ ಮೇಲೆ ಅದು ಹಿಡಿಯುವುದು ಅದಾದ ಕೆಲವು ದಿನಕ್ಕೆ. ಆದ್ದರಿಂದ ಮೇ 10ರಿಂದ ಜೂನ್ 3ರವರೆಗೆ ಒಂದೇ ಉದ್ದ ಪಟ್ಟಿಯ ನಮೂದು: ‘ಬೋರ್ಡೋ, ಮೋಡ ತೆರೆದ ದಿನ’. ಇದಕ್ಕೆ ಸೂಚನೆಯ ಗಂಟೆ ಬೇಡ, ದಿನಾ ಬೆಳಿಗ್ಗೆ ಕ್ಯಾಲೆಂಡರ್ ತೆರೆದಾಗ ಮೇಲ್ಗಡೆ ಕಾಣುತ್ತಿದ್ದರೆ ಸಾಕು. ಮುಗಿದ ದಿನ ಅಳಿಸಬೇಡಿ, ಆ ನಮೂದನ್ನು ನಿಜವಾಗಿ ಸ್ಪ್ರೇ ಮಾಡಿದ ದಿನಕ್ಕೆ ಕುಗ್ಗಿಸಿ. ಮುಂದಿನ ವರ್ಷ ಯಾವಾಗ ಆಗಿತ್ತು ಎಂಬ ದಾಖಲೆ ತಾನಾಗಿ ಉಳಿಯುತ್ತದೆ. ಗಂಟೆ ಬೇಕಾದ್ದು ಅದರ ಹಿಂದಿನ ಕೆಲಸಕ್ಕೆ, ಅಂದರೆ ಮೇ 1ಕ್ಕೆ ‘ಮೈಲುತುತ್ತ, ಸುಣ್ಣ ಬಂದಿದೆಯಾ? ಸ್ಪ್ರೇಯರಿನ ವಾಷರ್ ನೋಡಿದ್ದೀರಾ?’ ಸ್ಪ್ರೇ ತಪ್ಪುವುದಕ್ಕೆ ಎಷ್ಟೋ ಸಲ ಮಳೆಗಿಂತ ಹರಿದ ವಾಷರ್ ಕಾರಣ.

ಆ ನಮೂದಿನ ವಿವರದ ಜಾಗದಲ್ಲಿ ಪ್ರಮಾಣವನ್ನೂ ಬರೆದಿಡಿ: ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಒಳ್ಳೆಯ ಸುಣ್ಣ, ಅಂದರೆ 200 ಲೀಟರ್ ಡ್ರಮ್ಮಿಗೆ ಎರಡೆರಡು ಕೆಜಿ. ಬೇರೆಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕುತ್ತಾ ಕಲಕಬೇಕು, ಕಬ್ಬಿಣದ ಪಾತ್ರೆ ಕೂಡದು. ಕಲಸಿದ ಮೇಲೆ ಹೊಳಪಾದ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಲೇಪ ಕೂತರೆ ಸುಣ್ಣ ಕಡಿಮೆ, ಇನ್ನಷ್ಟು ಸೇರಿಸಿ. ಅವತ್ತು ಕಲಸಿದ್ದು ಅವತ್ತೇ ಮುಗಿಯಬೇಕು. ಇದು ನಿಮಗೆ ಗೊತ್ತಿರುವುದೇ. ಆದರೆ ನೀವು ಊರಿನಲ್ಲಿಲ್ಲದ ದಿನ ಮೋಡ ತೆರೆದರೆ, ಮನೆಯಲ್ಲಿರುವವರು ಇದನ್ನು ಓದಿಕೊಂಡು ಕೆಲಸ ನಡೆಸಬಹುದು. ಗೊತ್ತಿರುವ ಕೆಲಸವನ್ನು ಬರೆದಿಡುವುದು ಇಂಥ ದಿನಕ್ಕಾಗಿ.

ಕಿಟಕಿಯೂ ಸಾಲದ ಕೆಲಸಗಳಿವೆ, ಅವು ಇನ್ನೊಂದು ಘಟನೆಗೆ ಗಂಟು ಹಾಕಿಕೊಂಡವು. ಹೂ ಮಳೆಯೇ (ಕಾಫಿ ಮೊಗ್ಗು ಅರಳಿಸುವ ಬೇಸಿಗೆಯ ಮಳೆ) ದೊಡ್ಡ ಉದಾಹರಣೆ. ಮಳೆ ಬಿದ್ದ ಅಥವಾ ಸ್ಪ್ರಿಂಕ್ಲರ್ ಹಾಕಿದ ದಿನ ಸಂಜೆಯೇ ಕ್ಯಾಲೆಂಡರಿಗೆ ಎರಡು ನಮೂದು ಹಾಕಿ. ಒಂದು ವಾರದಿಂದ ಹತ್ತು ದಿನದ ಒಳಗೆ ‘ಹೂ ಅರಳಿತಾ, ಯಾವ ಭಾಗದಲ್ಲಿ ಕಡಿಮೆ?’ 15ನೇ ದಿನಕ್ಕೆ ‘ಬ್ಯಾಕಿಂಗ್ ಮಳೆ ಬಂತಾ? ಇಲ್ಲದಿದ್ದರೆ ಪಂಪ್, ಡೀಸೆಲ್ ಸಿದ್ಧ’. ಅರೇಬಿಕಾಕ್ಕೆ ಕಾಂಡಕೊರಕದ ಗಿಡ ಹುಡುಕುವ ಕೆಲಸ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಮುಗಿಯಬೇಕು. ದುಂಬಿ ಹೊರಬರುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್, ಅಷ್ಟರೊಳಗೆ ಕಿತ್ತು ಸುಡದಿದ್ದರೆ ಹುಡುಕಿದ್ದೂ ದಂಡ. ಇದನ್ನು ಗಂಟೆ ಕೂಗುವ ಜಾತಿಗೆ ಸೇರಿಸಿ. ಇದಕ್ಕೆ ಮಳೆಯ ನೆಪವಿಲ್ಲ, ಮರೆಯುವುದೂ ಸುಲಭ.

ಮಳೆ ಅಳತೆ ದಿನಾ ಬೆಳಿಗ್ಗೆ 8.30ಕ್ಕೆ, ಒಂದೇ ಹೊತ್ತಿಗೆ. ನಿಮ್ಮ ಅಪ್ಪ ಇಂಚು-ಸೆಂಟಿನಲ್ಲಿ ಬರೆದಿರುತ್ತಾರೆ, ಹೊಸ ಮಳೆಮಾಪಕದಲ್ಲಿ ಮಿಲಿಮೀಟರ್ ಇರುತ್ತದೆ. 100 ಸೆಂಟ್ ಎಂದರೆ 1 ಇಂಚು, 25.4 ಮಿ.ಮೀ. ಶೀಟಿನಲ್ಲಿ ಒಂದೇ ಮಾಪನ ಇರಲಿ. ಎರಡೂ ಬೆರೆತ ದಾಖಲೆಗಿಂತ ದಾಖಲೆ ಇಲ್ಲದಿರುವುದೇ ವಾಸಿ.

ಹೋಂಸ್ಟೇಗೆ ಅದೇ ಖಾತೆಯಲ್ಲಿ ಇನ್ನೊಂದು ಕ್ಯಾಲೆಂಡರ್ ತೆರೆಯಿರಿ, ಬೇರೆ ಬಣ್ಣ ಕೊಡಿ. ಎರಡು ಕೋಣೆಗೆ ಎರಡು ಬಣ್ಣವಾದರೆ ಇನ್ನೂ ಒಳ್ಳೆಯದು. ನಿಯಮ ಒಂದೇ: ಕ್ಯಾಲೆಂಡರ್ ನೋಡದೆ ಯಾರಿಗೂ ‘ಇದೆ’ ಅನ್ನಬಾರದು. ಫೋನು ಬಂದಾಗ ತೋಟದಲ್ಲಿದ್ದರೆ ‘ಸಂಜೆ ಏಳಕ್ಕೆ ಹೇಳ್ತೀನಿ’ ಅನ್ನಿ, ಪುಸ್ತಕದಲ್ಲಿ ಬರೆದುಕೊಳ್ಳಿ. ದುಡ್ಡು ಬರುವವರೆಗೆ ನಮೂದಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರಲಿ, ಜೊತೆಗೆ ಗಡುವು: ‘? ಬೆಂಗಳೂರಿನವರು, ನಾಳೆ 12ರೊಳಗೆ ಅಡ್ವಾನ್ಸ್’. ಗಡುವು ದಾಟಿದರೆ ಒಂದು ಮೆಸೇಜ್ ಹಾಕಿ ಅಳಿಸಿ. ಒಂದೇ ಕೋಣೆಗೆ ಇಬ್ಬರು ಬರುವುದು ಹೆಚ್ಚಾಗಿ ಈ ಅರ್ಧಂಬರ್ಧ ಬುಕಿಂಗಿನಿಂದ. ಇನ್ನೊಂದು ಕಾರಣ ದಿನ ಎಣಿಸುವ ರೀತಿ. 12ಕ್ಕೆ ಬಂದು 14ಕ್ಕೆ ಹೋಗುವವರನ್ನು 12ರಿಂದ 14ರವರೆಗೆ ತುಂಬಿದರೆ 14ರ ರಾತ್ರಿ ಖಾಲಿ ಇದ್ದೂ ತುಂಬಿದಂತೆ ಕಾಣುತ್ತದೆ. ಅದನ್ನು ಸರಿಮಾಡುತ್ತೇನೆಂದು ಮನೆಯವರೊಬ್ಬರು ಒಂದು ದಿನ ಕಡಿಮೆ ಹಾಕತೊಡಗಿದರೆ ಅಲ್ಲಿಂದ ಗೊಂದಲ. ದಿನ ಬಿಡಿ, ರಾತ್ರಿ ಎಣಿಸಿ: 12 ಮತ್ತು 13, ಎರಡು ರಾತ್ರಿ. ಬುಕಿಂಗ್ ವೆಬ್‌ಸೈಟಿಗೂ ಕೊಟ್ಟಿದ್ದರೆ, ಅದರ ಕ್ಯಾಲೆಂಡರ್ ನಿಮ್ಮದಕ್ಕೆ ಜೋಡಿಸಿದರೂ ಬದಲಾವಣೆ ತಕ್ಷಣ ಬರುವುದಿಲ್ಲ, ಗಂಟೆಗಟ್ಟಲೆ ಹಿಡಿಯಬಹುದು. ಶನಿವಾರ-ಭಾನುವಾರಗಳನ್ನು ನೀವೇ ಕೈಯಾರೆ ಎರಡೂ ಕಡೆ ಮುಚ್ಚಿ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನ್ ಮಾಹಿತಿ ಸಲ್ಲಿಸಬೇಕಲ್ಲ, ಅದನ್ನು ಬುಕಿಂಗ್ ನಮೂದಿನಲ್ಲೇ ಬರೆದುಬಿಡಿ. ಮಳೆಗಾಲದ ಬುಕಿಂಗಿಗೆ ಎರಡು ದಿನ ಮೊದಲು ‘ಶಿರಾಡಿ ರಸ್ತೆ ಹೇಗಿದೆ’ ಎಂದು ಒಂದು ಸೂಚನೆ, ಮಂಗಳೂರು ಕಡೆಯಿಂದ ಬರುವವರಿಗಾಗಿ.

ಈಗ ಲೆಕ್ಕ. ಚೆಕ್‌ರೋಲ್ (ಕೆಲಸದವರ ಹಾಜರಿ) ಪುಸ್ತಕ ನಿಲ್ಲಿಸಬೇಡಿ. ಮೇಸ್ತ್ರಿಯ ಕೈಯಲ್ಲಿರುವ ಆ ಪುಸ್ತಕವೇ ಮೂಲ, ಶೀಟು ಅದರ ನಕಲು. ಶೀಟಿನಲ್ಲಿ ಒಂದು ಸಾಲು ಎಂದರೆ ಒಬ್ಬರ ಒಂದು ದಿನ. ಕಾಲಂಗಳು: ತಾರೀಕು, ಬಟವಾಡೆ ತಾರೀಕು, ಹೆಸರು, ಕೆಲಸ, ತೋಟದ ಭಾಗ, ಹಾಜರಿ, ಕೆಜಿ, ಕೈಗೆ ಕೊಟ್ಟ ದುಡ್ಡು. ಹಾಜರಿಗೆ 1 ಅಥವಾ 0.5. ಕೆಜಿ ಲೆಕ್ಕದಲ್ಲಿ ಕುಯ್ಲು ಮಾಡಿದ ದಿನ ಹಾಜರಿ ಕಾಲಂ ಖಾಲಿ ಬಿಡಿ, ಇಲ್ಲದಿದ್ದರೆ ಒಂದೇ ದಿನಕ್ಕೆ ಎರಡು ಕೂಲಿ ಬೀಳುತ್ತದೆ. ಪಕ್ಕದ ಹಾಳೆಯಲ್ಲಿ ಹೆಸರಿನ ಮುಂದೆ ‘ಸಮ್‌ಇಫ್ಸ್’ ಸೂತ್ರ ಹಾಕಿ. ಹೆಸರು, ಬಟವಾಡೆ ತಾರೀಕು ಎರಡೂ ಹೊಂದಿದ ಸಾಲುಗಳನ್ನು ಅದು ಕೂಡಿಕೊಡುತ್ತದೆ. ದಿನಗೂಲಿ 500, ಕುಯ್ಲಿಗೆ ಕೆಜಿಗೆ 6 ರೂಪಾಯಿ ಎಂದಿಟ್ಟುಕೊಳ್ಳಿ. ಒಬ್ಬರು ಮೂರು ಪೂರ್ತಿ ದಿನ, ಒಂದು ಅರ್ಧ ದಿನ ಬಂದಿದ್ದಾರೆ, ಇನ್ನೆರಡು ದಿನ 92 ಮತ್ತು 78 ಕೆಜಿ ಬಿಡಿಸಿದ್ದಾರೆ. 1,750 ಮತ್ತು 1,020 ಸೇರಿ 2,770. ವಾರದಲ್ಲಿ 800 ತೆಗೆದುಕೊಂಡಿದ್ದರೆ ಕೈಗೆ 1,970.

ಈ ಶೀಟು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ‘ಮಂಜ’, ‘ಮಂಜು’, ‘ಮಂಜುನಾಥ’ ನಿಮಗೆ ಒಬ್ಬನೇ, ಶೀಟಿಗೆ ಮೂವರು. ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಬಿದ್ದಿದ್ದರೂ ಬೇರೆ ಮನುಷ್ಯನೇ. ಆದ್ದರಿಂದ ಹೆಸರಿನ ಕಾಲಂಗೆ ಡ್ರಾಪ್‌ಡೌನ್ ಹಾಕಿ, ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸುವ ಹಾಗೆ. ಎರಡನೆಯದು, ದುಡ್ಡಿನ ಕೋಶದಲ್ಲಿ ‘450 ರೂ’ ಎಂದು ಬರೆದರೆ ಅದು ಅಂಕಿಯಲ್ಲ, ಅಕ್ಷರ. ಒಟ್ಟು ಮಾಡುವಾಗ ಶೀಟು ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ತಪ್ಪೆಂದು ಕೂಗುವುದೂ ಇಲ್ಲ. ಬರೀ 450 ಬರೆಯಿರಿ. ಕಣ್ಣಿಗೆ ಗುರುತು ಸಿಗುತ್ತದೆ: ಅಂಕಿಗಳು ಕೋಶದ ಬಲಕ್ಕೆ ಅಂಟಿಕೊಳ್ಳುತ್ತವೆ, ಅಕ್ಷರ ಎಡಕ್ಕೆ. ಎಡಕ್ಕೆ ಕೂತ ಅಂಕಿ ಕಂಡರೆ ಅನುಮಾನಪಡಿ. ಮೂರನೆಯದು ತಾರೀಕು. ಶೀಟಿನ ‘ಲೊಕೇಲ್’ (ಯಾವ ದೇಶದ ರೀತಿ ಎಂಬ ಆಯ್ಕೆ) ಅಮೆರಿಕ ಎಂದಿದ್ದರೆ 05/06 ಎಂಬುದು ಮೇ 6 ಆಗುತ್ತದೆ, 13/06 ತಾರೀಕೇ ಅಲ್ಲವಾಗುತ್ತದೆ. ಒಮ್ಮೆ ಕಂಪ್ಯೂಟರಿನಲ್ಲಿ ಶೀಟು ತೆರೆದು ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲನ್ನು ಇಂಡಿಯಾ ಮಾಡಿಬಿಡಿ. ನೂರು ಸಾಲು ತುಂಬಿದ ಮೇಲೆ ಇದನ್ನು ಸರಿಪಡಿಸುವುದು ಯಮಹಿಂಸೆ.

ಮುಂಗಡದಲ್ಲಿ ಎರಡು ಬಗೆ ಇವೆಯಲ್ಲ. ಕೆಲಸಕ್ಕೆ ಬರುವಾಗ ಕುಟುಂಬಕ್ಕೆ ಕೊಡುವ ದೊಡ್ಡ ಮೊತ್ತ ಒಂದು, ವಾರದ ನಡುವೆ ಸಂತೆಗೆ, ಔಷಧಿಗೆ ಎಂದು ಕೇಳುವುದು ಇನ್ನೊಂದು. ಎರಡನೆಯದು ಆ ಬಟವಾಡೆಯಲ್ಲೇ ಮುರಿಯಬೇಕು, ಮೊದಲನೆಯದು ಕಂತಿನಲ್ಲಿ. ಇವನ್ನು ಒಂದೇ ಕಾಲಂನಲ್ಲಿ ಹಾಕಿದರೆ ಬಟವಾಡೆ ದಿನ ‘ಅದು ಮುರಿದಾಯಿತಲ್ಲ, ಅಣ್ಣ’ ಎನ್ನುವುದು ಶುರುವಾಗುತ್ತದೆ, ಹಾಗೆ ಹೇಳುವವರದ್ದು ತಪ್ಪೂ ಇರುವುದಿಲ್ಲ. ದೊಡ್ಡ ಮುಂಗಡಕ್ಕೆ ಬೇರೆ ಹಾಳೆ: ಕೊಟ್ಟದ್ದು, ಮುರಿದದ್ದು, ಬಾಕಿ. ಬಾಕಿಯ ಅಂಕಿಯನ್ನು ಪ್ರತಿ ಬಟವಾಡೆಯಲ್ಲಿ ಬಾಯಿಬಿಟ್ಟು ಹೇಳಿ.

ವಾರಕ್ಕೊಮ್ಮೆ, ಬಟವಾಡೆಯ ಹಿಂದಿನ ಸಂಜೆ, 40 ನಿಮಿಷ ಮೀಸಲಿಡಿ. ಚೆಕ್‌ರೋಲಿನ ಹಾಜರಿ ಒಟ್ಟು, ಶೀಟಿನ ಹಾಜರಿ ಒಟ್ಟು ಎರಡೂ ತಾಳೆಯಾಗಬೇಕು. ಆಗದಿದ್ದರೆ ಹೆಸರಿನ ಪ್ರಕಾರ ಹುಡುಕಬೇಡಿ, ದಿನದ ಪ್ರಕಾರ ಹುಡುಕಿ, ಬೇಗ ಸಿಗುತ್ತದೆ. ಉಳಿದ ಹೊತ್ತಿನಲ್ಲಿ ಮುಂದಿನ ಎರಡು ವಾರದ ಕ್ಯಾಲೆಂಡರ್, ನಾಲ್ಕು ಪಟ್ಟಿ ನೋಡಿ. ಮೂರು ವಾರದಿಂದ ಪಟ್ಟಿಯಲ್ಲೇ ಕೂತಿರುವ ಕೆಲಸವಿದ್ದರೆ ಅದನ್ನು ಒಡೆಯಿರಿ ಇಲ್ಲವೇ ಕೈಬಿಡಿ. ‘ಬೇಲಿ ಸರಿಮಾಡಬೇಕು’ ಎಂಬುದು ಕದಲುವುದಿಲ್ಲ, ‘ಬೇಲಿಗೆ ಎಷ್ಟು ಕಂಬ ಬೇಕು ಎಣಿಸಬೇಕು’ ಎಂಬುದು ನಾಳೆಯೇ ಆಗುತ್ತದೆ. 25 ನಿಮಿಷ ಕೆಲಸ, 5 ನಿಮಿಷ ವಿರಾಮ ಎನ್ನುವ ಪದ್ಧತಿಯನ್ನು ಈ ಲೆಕ್ಕದ ಹೊತ್ತಿಗೆ ಬಳಸಬಹುದು. ತೋಟದ ಕೆಲಸಕ್ಕೆ ಅದನ್ನು ತಂದರೆ ಮೇಸ್ತ್ರಿ ನಗುತ್ತಾರೆ.

ವಾಟ್ಸ್‌ಆ್ಯಪ್ ಮಾತಿಗೆ ಒಳ್ಳೆಯದು, ದಾಖಲೆಗೆ ಅಲ್ಲ. ವಾಯ್ಸ್ ಮೆಸೇಜಿನಲ್ಲಿ ‘ಗುರುವಾರ ಲಾರಿ ಕಳಿಸ್ತೀನಿ, 40 ಚೀಲ’ ಎಂದದ್ದನ್ನು ನೀವು ನಾಳೆ ಹುಡುಕಲಾರಿರಿ, ಹತ್ತು ಮೆಸೇಜು ಕೇಳಿಕೊಂಡು ಬರಬೇಕು. ಕೇಳಿದ ಕೂಡಲೇ ‘ಗುರುವಾರ, ಲಾರಿ, 40 ಚೀಲ ಚೆರ್ರಿ, ಸರಿಯಾ?’ ಎಂದು ಒಂದು ಸಾಲು ಟೈಪ್ ಮಾಡಿ ಅವರಿಗೇ ಕಳಿಸಿ. ಒಪ್ಪಿಗೆಯೂ ಸಿಕ್ಕಿತು, ಹುಡುಕಲು ಪದವೂ ಸಿಕ್ಕಿತು. ಕನ್ನಡ ಟೈಪ್ ಮಾಡುವುದು ಕಷ್ಟವಾದರೆ ಜಿಬೋರ್ಡಿನ (ಗೂಗಲ್ ಕೀಬೋರ್ಡ್) ಮೈಕ್ ಒತ್ತಿ ಮಾತಾಡಿ, ಸಾಕಷ್ಟು ಸರಿಯಾಗಿ ಬರೆದುಕೊಡುತ್ತದೆ. ಅಂಕಿ ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಿ. ನಿಮ್ಮ ನಂಬರಿಗೆ ನೀವೇ ಮೆಸೇಜ್ ಕಳಿಸಿಕೊಳ್ಳುವ ಸೌಲಭ್ಯ ಇದೆ. ಬೇರೆಯವರ ಮೆಸೇಜಿನಲ್ಲಿ ಕೆಲಸ ಇದ್ದರೆ ಅಲ್ಲಿಗೆ ಫಾರ್ವರ್ಡ್ ಮಾಡಿ, ಆ ಚಾಟನ್ನು ಮೇಲೆ ಪಿನ್ ಮಾಡಿಟ್ಟುಕೊಳ್ಳಿ, ಸಂಜೆ ಪುಸ್ತಕದ ಜೊತೆಗೆ ಅದನ್ನೂ ಖಾಲಿ ಮಾಡಿ. ಸ್ಟಾರ್ ಹಾಕಿ ಬಿಡುವುದು ಬೇಡ. ಸ್ಟಾರ್ ಹಾಕಿದ ಮೆಸೇಜನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ.

ಗುಂಪುಗಳ ಶುಭೋದಯ ಚಿತ್ರಗಳನ್ನು ನಿಲ್ಲಿಸಿ. ಸ್ಟೋರೇಜ್ ಅಂಡ್ ಡೇಟಾ ಸೆಟ್ಟಿಂಗಿನಲ್ಲಿ ತಾನಾಗಿ ಡೌನ್‌ಲೋಡ್ ಆಗುವುದನ್ನು ಪೂರ್ತಿ ತೆಗೆದುಹಾಕಿ. ಗೂಗಲ್ ಖಾತೆಗೆ ಉಚಿತವಾಗಿ ಸಿಗುವುದು 15 ಜಿಬಿ. ಮೇಲ್, ಡ್ರೈವ್, ಫೋಟೋ, ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಅದರಲ್ಲೇ. ಅದು ತುಂಬಿದರೆ ಹೊಸ ಮೇಲ್ ಒಳಗೆ ಬರುವುದೇ ನಿಲ್ಲುತ್ತದೆ, ಹೋಂಸ್ಟೇ ಬುಕಿಂಗಿನ ಮೇಲ್ ಕೂಡ.

ಕಾಗದಪತ್ರದ ವಿಷಯ ಚಿಕ್ಕದು. ಡ್ರೈವ್‌ನಲ್ಲಿ ನಾಲ್ಕೇ ಫೋಲ್ಡರ್: ಜಮೀನು, ಸಾಲ, ತೋಟ, ಹೋಂಸ್ಟೇ. ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಇದೆ, ಕ್ಯಾಮೆರಾದಿಂದ ನೇರ ಪಿಡಿಎಫ್ ಆಗುತ್ತದೆ. ಹೆಸರು ತಾರೀಕಿನಿಂದ ಶುರುವಾಗಲಿ, ವರ್ಷ ಮೊದಲು: ‘2025-05-02 ಮೈಲುತುತ್ತ ಬಿಲ್ 12400’. ಹೀಗಿದ್ದರೆ ಹೆಸರಿನ ಪ್ರಕಾರ ಜೋಡಿಸಿದಾಗ ಕಾಲಾನುಕ್ರಮ ತಾನಾಗಿ ಬರುತ್ತದೆ. ಪೆಟ್ರೋಲ್ ಬಂಕು, ವೇಬ್ರಿಡ್ಜ್ ಚೀಟಿಗಳು ಥರ್ಮಲ್ ಕಾಗದದವು. ಕೆಲವೇ ತಿಂಗಳಲ್ಲಿ, ಬಿಸಿಲಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಇನ್ನೂ ಬೇಗ, ಬಿಳೀ ಹಾಳೆ ಆಗುತ್ತವೆ. ಅವನ್ನು ಅವತ್ತೇ ಸ್ಕ್ಯಾನ್ ಮಾಡಿ. ಪಹಣಿ, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಪಾಸ್‌ಬುಕ್ಕಿನ ಮೊದಲ ಪುಟ ಈ ಮೂರನ್ನು ‘ಆಫ್‌ಲೈನ್’ ಮಾಡಿಟ್ಟುಕೊಳ್ಳಿ. ಕಚೇರಿಯ ಕಿಟಕಿಯ ಮುಂದೆ ನಿಂತಾಗಲೇ ಸಿಗ್ನಲ್ ಹೋಗುವುದು.

ಶೀಟಿಗೂ ಇದೇ ಆಫ್‌ಲೈನ್ ಗುರುತು ಹಾಕಬೇಕು, ನೆಟ್‌ವರ್ಕ್ ಇರುವಾಗಲೇ, ಒಂದೊಂದು ಫೈಲಿಗೂ ಬೇರೆಬೇರೆಯಾಗಿ. ಇಲ್ಲದಿದ್ದರೆ ತೋಟದಲ್ಲಿ ಅದು ತೆರೆಯುವುದಿಲ್ಲ. ಆಫ್‌ಲೈನ್‌ನಲ್ಲಿ ಒಬ್ಬರೇ ಬರೆಯಬೇಕು. ಇಬ್ಬರು ಇಬ್ಬರ ಮೊಬೈಲಿನಲ್ಲಿ ಅದೇ ಕೋಶ ತಿದ್ದಿ ಆಮೇಲೆ ನೆಟ್‌ವರ್ಕಿಗೆ ಬಂದರೆ ಒಬ್ಬರದು ಹೋಗುತ್ತದೆ. ಮಳೆಗಾಲಕ್ಕೆ 10,000 ಎಂಎಎಚ್ ಪವರ್‌ಬ್ಯಾಂಕ್ ಒಂದು. ಅದರಿಂದ ನಿಜವಾಗಿ ಕೈಗೆ ಸಿಗುವುದು ಸುಮಾರು 6,000, ಅಂದರೆ ಈಗಿನ ಮೊಬೈಲಿಗೆ ಒಂದು ಪೂರ್ತಿ ಚಾರ್ಜ್, ಚೂರು ಮಿಗಬಹುದು. ಮೂರು ದಿನ ಕರೆಂಟ್ ಇಲ್ಲದ ಊರಿಗೆ ಎರಡು ಬೇಕು. ಖಾತೆಯ ಎರಡು ಹಂತದ ಭದ್ರತೆ ಹಾಕಿ, ಅದು ಕೊಡುವ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಮೊಬೈಲು ಹಳ್ಳಕ್ಕೆ ಬಿದ್ದರೆ ಹೊಸ ಮೊಬೈಲಿನಲ್ಲಿ ಒಳಗೆ ಹೋಗಲು ಅದೇ ದಾರಿ.

ಅಪ್ಪನಿಗಾಗಿ ತಿಂಗಳ ಕೊನೆಗೆ ಒಂದೇ ಎ4 ಹಾಳೆ ಪ್ರಿಂಟ್ ತೆಗೆಯಿರಿ. ಎಡಕ್ಕೆ ಬಟವಾಡೆ, ಗೊಬ್ಬರ, ಡೀಸೆಲ್, ಹೋಂಸ್ಟೇ ಖರ್ಚು-ಆದಾಯದ ಒಟ್ಟು, ಬಲಕ್ಕೆ ಆ ತಿಂಗಳ ಮಳೆ ಇಂಚು-ಸೆಂಟಿನಲ್ಲಿ, ಕೆಳಗೆ ಮುಂದಿನ ತಿಂಗಳ ಕದಲದ ತಾರೀಕುಗಳು. ಹಾಳೆ ಅಡ್ಡ, ‘ಅಗಲಕ್ಕೆ ಹೊಂದಿಸು’ ಆಯ್ಕೆ, ಅಕ್ಷರ 14ಕ್ಕಿಂತ ಸಣ್ಣದು ಬೇಡ. ಹಳೆಯ ಡೈರಿಗಳನ್ನೂ ತೆಗೆದಿಡಿ. ಬಿಡುವಿದ್ದಾಗ ಅವುಗಳಲ್ಲಿನ ಹೂ ಮಳೆಯ ತಾರೀಕುಗಳನ್ನಷ್ಟೇ ಶೀಟಿಗೆ ಇಳಿಸಿ, ಬೇರೇನೂ ಬೇಡ. ನಿಮ್ಮ ತೋಟದ ಕಿಟಕಿ ಎಷ್ಟು ಅಗಲ ಎಂದು ಅದರಷ್ಟು ನಿಖರವಾಗಿ ಹೇಳುವ ಆ್ಯಪ್ ಯಾವುದೂ ಇಲ್ಲ.

ಶುರುಮಾಡುವ ಕಾಲದ ಬಗ್ಗೆ ಒಂದು ಎಚ್ಚರಿಕೆ. ಪುಸ್ತಕ ಮತ್ತು ಕ್ಯಾಲೆಂಡರ್ ನಾಳೆಯೇ ಶುರುವಾಗಲಿ. ಶೀಟನ್ನು ಮಾತ್ರ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕುಯ್ಲಿನ ಗಡಿಬಿಡಿಯಲ್ಲಿ ಹಿಡಿಯಬೇಡಿ, ಜೂನ್ ಅಥವಾ ಜುಲೈ 1ಕ್ಕೆ ಶುರುಮಾಡಿ. ಆಗ ಜನ ಕಡಿಮೆ, ಸಾಲು ಕಡಿಮೆ, ಸೂತ್ರ ತಪ್ಪಿದರೆ ತಿದ್ದಲು ಪುರಸೊತ್ತು. ಮೊದಲ ಎರಡು ಬಟವಾಡೆಗೆ ದುಡ್ಡು ಕೊಡುವುದು ಚೆಕ್‌ರೋಲ್ ನೋಡಿಯೇ ಇರಲಿ, ಶೀಟು ಪಕ್ಕದಲ್ಲಿರಲಿ. ಎರಡು ಸಲವೂ ಪೈಸೆಗೆ ಪೈಸೆ ತಾಳೆಯಾದರೆ ಮೂರನೆಯದರಿಂದ ಶೀಟಿನ ಮೇಲೆ ಕೊಡಿ.